ಹಳೆಯ ಲಿನಕ್ಸ್ ಯಂತ್ರದಲ್ಲಿ ಡಯಲ್-ಅಪ್ ಮೋಡೆಮ್ ಕೈಕೊಟ್ಟಾಗ: ತಂತಿಯಿಂದ ಡಿಎನ್‌ಎಸ್‌ವರೆಗೆ

ಡಯಲ್-ಅಪ್ ಸಂಪರ್ಕಕ್ಕೆ ಒಂಬತ್ತು ಮೆಟ್ಟಿಲು. ಟೆಲಿಫೋನ್ ತಂತಿ, ಮೋಡೆಮ್ (ಕಂಪ್ಯೂಟರಿನ ಅಂಕಿಗಳನ್ನು ಫೋನಿನ ಸದ್ದಾಗಿಸುವ ಸಾಧನ), ಕೇಬಲ್, ಅದು ಸೇರುವ ಸೀರಿಯಲ್ ಪೋರ್ಟ್, ಎಟಿ ಆದೇಶಗಳು (ಮೋಡೆಮ್‌ಗೆ ಕೊಡುವ, ‘ಎಟಿ’ ಎಂದು ಶುರುವಾಗುವ ಅಪ್ಪಣೆಗಳು), ಆಚೆ ಬದಿಯ ಮೋಡೆಮ್ ಜೊತೆಗಿನ ಕಿರುಚಾಟ, ಲಾಗಿನ್, ಪಿಪಿಪಿ (ಫೋನ್ ತಂತಿಯಲ್ಲಿ ಇಂಟರ್ನೆಟ್ ಮಾತುಕತೆ ಸಾಗಿಸುವ ವಿಧಾನ), ಕೊನೆಗೆ ಐಪಿ (ಅಂಕಿಯ ವಿಳಾಸ) ಮತ್ತು ತಾಣದ ಹೆಸರನ್ನು ಆ ವಿಳಾಸವಾಗಿಸುವ ಡಿಎನ್‌ಎಸ್. ಕೆಳಗಿನ ಮೆಟ್ಟಿಲು ಮುರಿದಿರುವಾಗ ಮೇಲಿನದನ್ನು ಎಷ್ಟು ತಿದ್ದಿದರೂ ವ್ಯರ್ಥ. ಆದರೂ ಹೆಚ್ಚಿನವರು ಮಾಡುವುದು ಅದನ್ನೇ. ಮೋಡೆಮ್‌ಗೆ ಡಯಲ್ ಟೋನ್ ಕೇಳಿಸದೆ ನಿಂತಿರುತ್ತದೆ, ಇವರು ಪಾಸ್‌ವರ್ಡ್ ಫೈಲು ತೆರೆದುಕೊಂಡು ಕೂತಿರುತ್ತಾರೆ.

ಇಲ್ಲಿ ಹೇಳುವುದು ಲಿನಕ್ಸ್‌ನ ತಿರುಳಾದ 2.2, 2.4 ಮತ್ತು 2.6 ಕರ್ನಲ್‌ಗಳ ಕಾಲದ ಯಂತ್ರಗಳಿಗೆ, ಅಂದರೆ ಹೆಚ್ಚುಕಡಿಮೆ 1999ರಿಂದ 2010ರವರೆಗಿನವಕ್ಕೆ. ಕಮಾಂಡು ಮತ್ತು ಫೈಲುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ. ಲಿನಕ್ಸ್ ಕಮಾಂಡುಗಳೆಲ್ಲ ಸಣ್ಣಕ್ಷರದಲ್ಲಿ. ಸಾಧನದ ಹೆಸರಿನಲ್ಲಿ ಮಾತ್ರ ‘ಟಿಟಿವೈ’ ಸಣ್ಣಕ್ಷರ, ಅದರ ಮುಂದಿನ ‘ಎಸ್’ ಅಥವಾ ‘ಎಸಿಎಂ’ ದೊಡ್ಡಕ್ಷರ. ಎಟಿ ಆದೇಶಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹೊಡೆಯಿರಿ. ಒಂದು ಸಣ್ಣದು ಒಂದು ದೊಡ್ಡದು ಎಂದು ಬೆರೆಸಿದರೆ ಎಷ್ಟೋ ಮೋಡೆಮ್‌ಗಳು ಉತ್ತರವನ್ನೇ ಕೊಡುವುದಿಲ್ಲ.

ಮೊದಲು ಟೆಲಿಫೋನ್ ಲೈನು

ಮೋಡೆಮ್‌ಗೆ ಹೋಗುವ ತಂತಿಯನ್ನೇ ತೆಗೆದು ಸಾಮಾನ್ಯ ಫೋನಿಗೆ ಚುಚ್ಚಿ ಕೇಳಿ. ಗೋಡೆಯ ಡಬ್ಬಿಯಲ್ಲಿ ಟೋನ್ ಬರುತ್ತದೆ ಎಂಬುದು ಸಾಲದು, ತಂತಿಯ ಈ ತುದಿಯಲ್ಲಿ ಬರಬೇಕು. ಒಂದು ಅಂಕಿ ಒತ್ತಿದರೆ ಟೋನ್ ನಿಲ್ಲುತ್ತದೆ. ಆಗ ಉಳಿಯುವ ನಿಶ್ಶಬ್ದ ನಿಜವಾಗಿಯೂ ನಿಶ್ಶಬ್ದವೇ ಎಂದು ಗಮನಿಸಿ. ಗುಂಯ್ ಎನ್ನುವುದು, ಚಟಚಟ ಎನ್ನುವುದು ಮನುಷ್ಯರ ಮಾತಿಗೆ ಅಡ್ಡಿಯಾಗದಿದ್ದರೂ ಮೋಡೆಮ್‌ಗೆ ಸಾಕುಬೇಕು ಮಾಡುತ್ತದೆ. ಮಳೆ ಬಂದ ಮೇಲೆ ಸದ್ದು ಹೆಚ್ಚಾದರೆ ಹೊರಗಿನ ಜಾಯಿಂಟಿನಲ್ಲಿ ನೀರು ಸೇರಿದೆ. ಅದು ಲೈನ್‌ಮ್ಯಾನ್ ಕೆಲಸ, ನಿಮ್ಮದಲ್ಲ.

ಮಲ್ಟಿಮೀಟರ್ ಇದ್ದರೆ ಇನ್ನೂ ಚೆನ್ನ. ರಿಸೀವರ್ ಕೆಳಗಿಟ್ಟಿರುವಾಗ ಎರಡು ತಂತಿಗಳ ನಡುವೆ ಸುಮಾರು 48 ವೋಲ್ಟ್ ಡಿಸಿ ಇರಬೇಕು, ಎತ್ತಿದಾಗ 6ರಿಂದ 10 ವೋಲ್ಟಿಗೆ ಇಳಿಯಬೇಕು. ಕರೆ ಬಂದಾಗ ಅದೇ ತಂತಿಯಲ್ಲಿ 75 ವೋಲ್ಟಿನಷ್ಟು ಎಸಿ ಹರಿಯುತ್ತದೆ. ಬರಿಗೈಯಲ್ಲಿ ಹಿಡಿದಿದ್ದರೆ ಚುರುಕು ಮುಟ್ಟುತ್ತದೆ.

ಅದೇ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಮೋಡೆಮ್ ಕೂಡ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್‌ನ ‘ಫೋನ್’ ಕಿಂಡಿಯಿಂದಲೇ ಹೋಗಬೇಕು. ಇನ್ನೊಂದು ಕೋಣೆಯ ಪ್ಯಾರಲಲ್ ಫೋನು, ಕಾಲರ್ ಐಡಿ ಡಬ್ಬಿ, ಫ್ಯಾಕ್ಸ್ ಯಂತ್ರ ಎಲ್ಲವನ್ನೂ ಪರೀಕ್ಷೆ ಮುಗಿಯುವವರೆಗೆ ಕಳಚಿಡಿ. ಕಾಲ್ ವೇಟಿಂಗ್ ಇದ್ದರೆ ನಿಲ್ಲಿಸಿ. ನಡುವೆ ಬರುವ ಒಂದು ಬೀಪ್ ಸಂಪರ್ಕ ಕಡಿಯಲು ಸಾಕು.

ಈಗ ಅನೇಕ ಕಡೆ ‘ಲ್ಯಾಂಡ್‌ಲೈನ್’ ಎಂದರೆ ಫೈಬರ್ ಡಬ್ಬಿಯ ಹಿಂಬದಿಯ ಫೋನ್ ಕಿಂಡಿ. ಅಲ್ಲಿ ನಿಮ್ಮ ಸದ್ದು ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಜಿ.711 ಕೋಡೆಕ್ (ಸದ್ದನ್ನು ಅಂಕಿಗಳಾಗಿಸುವ ವಿಧಾನ) ಇದ್ದರೆ ನಿಧಾನ ವೇಗದಲ್ಲಿ ಮೋಡೆಮ್ ಹಿಡಿಯಬಹುದು. ಜಿ.729ನಂಥ ಕುಗ್ಗಿಸುವ ಕೋಡೆಕ್ ಇದ್ದರೆ ಮಾತು ಸ್ಪಷ್ಟವಾಗಿ ಕೇಳಿದರೂ ಮೋಡೆಮ್ ಸದ್ದು ಹಾಳಾಗುತ್ತದೆ, ಏಕೆಂದರೆ ಆ ಕೋಡೆಕ್ ಉಳಿಸುವುದು ಮನುಷ್ಯನ ಧ್ವನಿಯ ಗುಣವನ್ನು ಮಾತ್ರ. ಇಂಥ ಲೈನಿನಲ್ಲಿ 56ಕೆ (ಸೆಕೆಂಡಿಗೆ 56,000 ಬಿಟ್) ಆಸೆ ಬಿಟ್ಟು 14,400 ಅಥವಾ ಅದಕ್ಕೂ ಕೆಳಗಿನಿಂದ ಶುರುಮಾಡಿ.

ಯಾವ ಜಾತಿಯ ಮೋಡೆಮ್?

ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದಕ್ಕೆ ಹೋಗಬೇಡಿ. ಮೋಡೆಮ್‌ಗಳಲ್ಲಿ ಎರಡು ಜಾತಿ. ಒಂದು, ತನ್ನ ಕೆಲಸವನ್ನು ತಾನೇ ಮಾಡುವ ಹಾರ್ಡ್‌ವೇರ್ ಮೋಡೆಮ್. ಇನ್ನೊಂದು, ಲೆಕ್ಕವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರ್ ತಲೆಗೆ ಕಟ್ಟುವ ವಿನ್‌ಮೋಡೆಮ್. ಮೊದಲನೆಯದಕ್ಕೆ ಡ್ರೈವರ್ ಬೇಡ, ಲಿನಕ್ಸ್‌ಗೆ ಅದು ಬರೀ ಒಂದು ಸೀರಿಯಲ್ ಪೋರ್ಟ್. ಎರಡನೆಯದಕ್ಕೆ ಆ ಚಿಪ್ಪಿಗೂ ಆ ಕರ್ನಲ್‌ಗೂ ಹೊಂದುವ ಡ್ರೈವರ್ ಸಿಗದಿದ್ದರೆ ಅದು ಹಸಿರು ಬಣ್ಣದ ತಗಡು.

9 ಅಥವಾ 25 ಪಿನ್ನಿನ ಸೀರಿಯಲ್ ಕೇಬಲ್ಲಿನ ಹೊರಗಿನ ಮೋಡೆಮ್‌ಗಳೆಲ್ಲ ಹಾರ್ಡ್‌ವೇರ್ ಜಾತಿಯವು ಎಂದು ನಂಬಬಹುದು. ಜಂಪರ್ (ಸೆಟ್ಟಿಂಗ್ ಬದಲಿಸುವ ಪುಟ್ಟ ಮುಚ್ಚಳ) ಇರುವ, ಯಂತ್ರದೊಳಗೆ ಕೂರುವ ಉದ್ದನೆಯ ಹಳೆಯ ಐಎಸ್‌ಎ ಕಾರ್ಡುಗಳೂ ಬಹುತೇಕ ಹಾಗೆಯೇ. ಅವುಗಳ ನಂತರ ಬಂದ ಪಿಸಿಐ ಕಾರ್ಡಾದರೆ ಅನುಮಾನದಿಂದಲೇ ನೋಡಿ. ‘ಎಲ್‌ಎಸ್‌ಪಿಸಿಐ -ವಿ’ ಕೊಟ್ಟಾಗ ‘ಸೀರಿಯಲ್ ಕಂಟ್ರೋಲರ್’ ಎಂದು ಬಂದರೆ ಆಶಾದಾಯಕ. ‘ಕಮ್ಯುನಿಕೇಶನ್ ಕಂಟ್ರೋಲರ್’ ಎಂದಿದ್ದು ಪಕ್ಕದಲ್ಲಿ ಕೊನೆಕ್ಸಾಂಟ್ ಎಚ್‌ಎಸ್‌ಎಫ್, ಲ್ಯೂಸೆಂಟ್ ಅಥವಾ ಅಗೇರ್ ವಿನ್‌ಮೋಡೆಮ್, ಸ್ಮಾರ್ಟ್‌ಲಿಂಕ್, ಇಂಟೆಲ್ 537 ಎಂಬ ಹೆಸರು ಕಂಡರೆ ಡ್ರೈವರ್ ಹುಡುಕಾಟ ಶುರು. ‘ಸ್ಕ್ಯಾನ್‌ಮೋಡೆಮ್’ ಎಂಬ ಸ್ಕ್ರಿಪ್ಟು ಚಿಪ್ಪನ್ನು ಗುರುತಿಸಿ ಯಾವ ಡ್ರೈವರ್ ಎಂದು ಹೇಳುತ್ತದೆ. ಲ್ಯೂಸೆಂಟ್‌ಗೆ ‘ಎಲ್‌ಟಿಮೋಡೆಮ್’ ಅಥವಾ ‘ಮಾರ್ಶಿಯನ್’, ಸ್ಮಾರ್ಟ್‌ಲಿಂಕ್‌ಗೆ ‘ಎಸ್‌ಎಲ್‌ಮೋಡೆಮ್‌ಡಿ’, ಕೊನೆಕ್ಸಾಂಟ್‌ಗೆ ಲಿನಕ್ಸಾಂಟ್ ಕಂಪನಿಯ ಡ್ರೈವರ್. ಈ ಕೊನೆಯದರ ಉಚಿತ ಆವೃತ್ತಿಯ ವೇಗ 14,400ಕ್ಕೇ ನಿಲ್ಲುತ್ತದೆ. ಅದು ಕಂಪನಿಯೇ ಇಟ್ಟ ಮಿತಿ, ದೋಷವೆಂದು ತಲೆಕೆಡಿಸಿಕೊಳ್ಳಬೇಡಿ. ಇವೆಲ್ಲ ಮೂಲಗಳನ್ನು ಕರ್ನಲ್ ಹೆಡರ್‌ಗಳ ಜೊತೆ ಕಂಪೈಲ್ ಮಾಡಬೇಕು, ಕರ್ನಲ್ ಬದಲಾದರೆ ಮತ್ತೆ ಮಾಡಬೇಕು.

ವಿನ್‌ಮೋಡೆಮ್‌ಗೆ ಒಂದು ಸಂಜೆ ಕೊಡಿ. ಅಷ್ಟರಲ್ಲಿ ಬಗ್ಗದಿದ್ದರೆ ಗುಜರಿಯಿಂದ ಹೊರಗಿನ ಸೀರಿಯಲ್ ಮೋಡೆಮ್ ತನ್ನಿ. ಯುಎಸ್‌ಬಿ ಬೇಕಿದ್ದರೆ ‘ಎಸಿಎಂ’ ಮಾನಕಕ್ಕೆ ಹೊಂದುವ, ಯುಎಸ್ ರೊಬೊಟಿಕ್ಸ್ 5637 ಥರದ ಹಾರ್ಡ್‌ವೇರ್ ಮೋಡೆಮ್ ಆಗಬಹುದು. ಚುಚ್ಚಿದ ಕೂಡಲೇ /ಡೆವ್/ಟಿಟಿವೈಎಸಿಎಂ0 ಎಂದು ಮೇಲೇಳುತ್ತದೆ.

ಪೋರ್ಟ್ ಜೀವಂತವಾಗಿದೆಯೇ?

ಡಾಸ್‌ನ ಕಾಮ್1 ಲಿನಕ್ಸ್‌ನಲ್ಲಿ /ಡೆವ್/ಟಿಟಿವೈಎಸ್0. ವಿಳಾಸ 3ಎಫ್8, ಪ್ರೊಸೆಸರನ್ನು ಕರೆಯುವ ಸಂಕೇತದ ಸಂಖ್ಯೆ ಅಂದರೆ ಐಆರ್‌ಕ್ಯೂ 4. ಕಾಮ್2 ಎಂದರೆ ಟಿಟಿವೈಎಸ್1, ವಿಳಾಸ 2ಎಫ್8, ಐಆರ್‌ಕ್ಯೂ 3. ಕಾಮ್3 (ಟಿಟಿವೈಎಸ್2, 3ಇ8) ಮತ್ತೆ ಐಆರ್‌ಕ್ಯೂ 4ನ್ನೂ, ಕಾಮ್4 (ಟಿಟಿವೈಎಸ್3, 2ಇ8) ಐಆರ್‌ಕ್ಯೂ 3ನ್ನೂ ಹಂಚಿಕೊಳ್ಳುತ್ತವೆ. ಒಳಗಿನ ಐಎಸ್‌ಎ ಮೋಡೆಮ್‌ಗಳ ಅರ್ಧ ರಗಳೆ ಈ ಹಂಚಿಕೆಯಲ್ಲೇ ಇದೆ. ಕಾಮ್1ರಲ್ಲಿ ಸೀರಿಯಲ್ ಮೌಸು, ಕಾಮ್3ರಲ್ಲಿ ಮೋಡೆಮ್ ಇಟ್ಟರೆ ಮೌಸು ಅಲುಗಿದಾಗೆಲ್ಲ ಮೋಡೆಮ್ ಮಂಕಾಗುತ್ತದೆ. ಪರಿಹಾರ ಸುಲಭ: ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ ಬಯಾಸ್‌ನಲ್ಲಿ ಮದರ್‌ಬೋರ್ಡಿನ ಕಾಮ್2 ಮುಚ್ಚಿ, ಕಾರ್ಡಿನ ಜಂಪರನ್ನು ಕಾಮ್2ಕ್ಕೆ ಇಡಿ. ಪ್ಲಗ್ ಅಂಡ್ ಪ್ಲೇ ಕಾರ್ಡಾದರೆ ಬಯಾಸ್‌ನ ‘ಪಿಎನ್‌ಪಿ ಓಎಸ್’ ಎಂಬುದಕ್ಕೆ ‘ನೋ’ ಎನ್ನಿ.

ಬಯಾಸ್ ಎಂದಾಗ ಇನ್ನೊಂದು ಮಾತು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರದ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ನೀವು ಉಳಿಸಿದ ಪೋರ್ಟ್ ಸೆಟ್ಟಿಂಗು ಪ್ರತಿ ಸಲ ಕರೆಂಟು ಹೋದಾಗಲೂ ಅಳಿಸಿಹೋಗುತ್ತದೆ. ಮೊದಲು ಬ್ಯಾಟರಿ ಬದಲಿಸಿ.

ಕರ್ನಲ್ ಪೋರ್ಟನ್ನು ಕಂಡಿದೆಯೇ ಎಂದು ನೋಡಲು ‘ಡಿಮೆಸೇಜ್’ ಹೊರಹಾಕುವ ಸಾಲುಗಳಲ್ಲಿ (ಹೊಡೆಯುವಾಗ ಡಿ-ಎಂ-ಇ-ಎಸ್-ಜಿ, ಐದೇ ಅಕ್ಷರ) ಟಿಟಿವೈಎಸ್ ಹುಡುಕಿ. ಸಾಲಿನ ಕೊನೆಗೆ ‘16550ಎ’ ಎಂದಿದ್ದರೆ ಒಳ್ಳೆಯದು. ಆ ಚಿಪ್ಪಿನಲ್ಲಿ 16 ಬೈಟುಗಳ ಕಣಜವಿದೆ, 115200 ವೇಗ ತಡೆಯುತ್ತದೆ. ‘8250’ ಅಥವಾ ‘16450’ ಎಂದಿದ್ದರೆ ಕಣಜವಿಲ್ಲ. ಒಂದು ಬೈಟನ್ನು ಎತ್ತಿಕೊಳ್ಳುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ, ಹಾಗಾಗಿ 19200 ಅಥವಾ 38400ಕ್ಕೆ ಇಳಿಸಿ. ಬೈಟು ಕಳೆಯುತ್ತಿದೆಯೇ ಎಂಬುದು /ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್ ಫೈಲಿನಲ್ಲಿ ಕಾಣುತ್ತದೆ. ಅಲ್ಲಿ ‘ಓಇ’ ಎಂಬುದರ ಮುಂದಿನ ಅಂಕಿ ಏರುತ್ತಿದ್ದರೆ ಬೈಟು ಚೆಲ್ಲುತ್ತಿವೆ ಎಂದೇ ಅರ್ಥ. ‘ಎಫ್‌ಇ’ ಏರಿದರೆ ವೇಗ ತಾಳೆಯಾಗುತ್ತಿಲ್ಲ ಅಥವಾ ಕೇಬಲ್ ಕೆಟ್ಟಿದೆ.

2.2ರ ಕರ್ನಲ್ ಪಿಸಿಐ ಹಾರ್ಡ್‌ವೇರ್ ಮೋಡೆಮನ್ನು ತಾನಾಗಿ ಗುರುತಿಸದಿದ್ದರೆ ‘ಎಲ್‌ಎಸ್‌ಪಿಸಿಐ -ವಿ’ ತೋರಿಸಿದ 8 ಬೈಟಿನ ಐ/ಓ ವಿಳಾಸ ಮತ್ತು ಐಆರ್‌ಕ್ಯೂ ಬರೆದುಕೊಂಡು, ‘ಸೆಟ್‌ಸೀರಿಯಲ್’ನಿಂದ ಟಿಟಿವೈಎಸ್4ಕ್ಕೆ ಆ ಪೋರ್ಟ್, ಆ ಐಆರ್‌ಕ್ಯೂ, ಯುಆರ್ಟ್ 16550ಎ ಎಂದು ಕೊಡಿ. ಬೂಟ್ ಆದಾಗಲೆಲ್ಲ ಇದು ಮತ್ತೆ ನಡೆಯಬೇಕು. /ಇಟಿಸಿ ಒಳಗಿನ ಬೂಟ್ ಸ್ಕ್ರಿಪ್ಟಿನಲ್ಲಿ ಸೇರಿಸಿ.

ಐಆರ್‌ಕ್ಯೂ ತಪ್ಪಿದಾಗಿನ ಲಕ್ಷಣ ಒಮ್ಮೆ ಕಂಡರೆ ಮರೆಯುವುದಿಲ್ಲ. ಎಟಿ ಎಂದು ಹೊಡೆದರೆ ಉತ್ತರ ಬರುತ್ತದೆ, ಆದರೆ ಹತ್ತಾರು ಸೆಕೆಂಡು ಬಿಟ್ಟು ತೊಟ್ಟಿಕ್ಕಿದಂತೆ ಬರುತ್ತದೆ. /ಪ್ರಾಕ್/ಇಂಟರಪ್ಟ್ಸ್‌ನಲ್ಲಿ ಆ ಐಆರ್‌ಕ್ಯೂ ಎಣಿಕೆ ಏರುತ್ತಲೇ ಇಲ್ಲವಾದರೆ ಕಾರ್ಡು ಬೇರೆ ಐಆರ್‌ಕ್ಯೂ ಬಾಗಿಲು ತಟ್ಟುತ್ತಿದೆ.

ಕೇಬಲ್ಲು, ಅಡಾಪ್ಟರು, ದೀಪಗಳು

ಹೊರಗಿನ ಮೋಡೆಮ್‌ಗೆ ನೇರ ಕೇಬಲ್ ಬೇಕು, ಎರಡು ಕಂಪ್ಯೂಟರ್ ಜೋಡಿಸುವ ನಲ್ ಮೋಡೆಮ್ ಕೇಬಲ್ ಅಲ್ಲ. ಕೇವಲ ಮೂರು ತಂತಿಯ ಅಗ್ಗದ ಕೇಬಲ್ ಹಾಕಿದರೆ ಎಟಿಗೆ ಓಕೆ ಬಂದರೂ ಬರಬಹುದು, ಆದರೆ ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳಿಲ್ಲದೆ (‘ನಿಲ್ಲು, ಕಳಿಸು’ ಎಂದು ಹೇಳುವ ಇವುಗಳ ಕೆಲಸವೇ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್) ದೊಡ್ಡ ಫೈಲು ಇಳಿಸುವಾಗ ಸ್ತಬ್ಧವಾಗುತ್ತದೆ. ಪೋರ್ಟನ್ನೇ ಪರೀಕ್ಷಿಸಬೇಕೆ? 9 ಪಿನ್ನಿನ ಕಿಂಡಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಪೋರ್ಟಿನ ಜೊತೆ ನೇರ ಮಾತಾಡಿಸುವ ಪ್ರೋಗ್ರಾಮು ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ, ಟೈಪ್ ಮಾಡಿ. ಹೊಡೆದದ್ದೆಲ್ಲ ತಿರುಗಿ ಬಂದರೆ ಪೋರ್ಟ್ ಸರಿ. ಪರೀಕ್ಷೆಯ ನಂತರ ಫ್ಲೋ ಕಂಟ್ರೋಲ್ ಮತ್ತೆ ಹಾಕಲು ಮರೆಯಬೇಡಿ.

ಅಡಾಪ್ಟರಿನ ಮೇಲಿನ ಬರಹ ಓದಿ. ಎಷ್ಟೋ ಮೋಡೆಮ್‌ಗಳಿಗೆ 9 ವೋಲ್ಟ್ ಎಸಿ ಬೇಕು, ಡಿಸಿ ಅಲ್ಲ. ಸಂತೆಯಲ್ಲಿ ಸಿಗುವ ಅದೇ ಗಾತ್ರದ ಡಿಸಿ ಅಡಾಪ್ಟರ್ ಚುಚ್ಚಿದರೆ ದೀಪ ಹತ್ತಿಯೂ ಮೋಡೆಮ್ ಕೆಲಸ ಮಾಡದಿರಬಹುದು.

ಮುಂಭಾಗದ ದೀಪಗಳು ಅರ್ಧ ರೋಗ ಹೇಳಿಬಿಡುತ್ತವೆ. ಪ್ರೋಗ್ರಾಮು ಪೋರ್ಟ್ ತೆರೆದ ಕೂಡಲೇ ‘ಟಿಆರ್’ ಹತ್ತಬೇಕು. ನೀವು ಒತ್ತಿದ ಒಂದೊಂದು ಅಕ್ಷರಕ್ಕೂ ‘ಎಸ್‌ಡಿ’ ಮಿನುಗಬೇಕು, ಉತ್ತರ ಬರುವಾಗ ‘ಆರ್‌ಡಿ’. ಎಸ್‌ಡಿ ಮಿನುಗದಿದ್ದರೆ ತಪ್ಪು ಪೋರ್ಟ್ ಅಥವಾ ಕೇಬಲ್. ಎಸ್‌ಡಿ ಮಿನುಗಿ ಆರ್‌ಡಿ ಸುಮ್ಮನಿದ್ದರೆ ಅಕ್ಷರ ತಲುಪಿದೆ, ಮೋಡೆಮ್‌ಗೆ ಅರ್ಥವಾಗಿಲ್ಲ. ವೇಗ ಇಳಿಸಿ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದು ಇಡಿ. ಆರ್‌ಡಿ ಮಿನುಗಿದರೂ ಪರದೆ ಖಾಲಿಯಿದ್ದರೆ 2ನೇ ಪಿನ್ನಿನ ತಂತಿ ಕಡಿದಿದೆ.

ಎಟಿ ಎಂದರೆ ಓಕೆ ಎನ್ನಬೇಕು

ರೂಟ್ (ಎಲ್ಲ ಅಧಿಕಾರದ ಬಳಕೆದಾರ) ಆಗಿ ‘ಮಿನಿಕಾಮ್ -ಎಸ್’ ತೆರೆದು ಪೋರ್ಟ್ ಮತ್ತು ವೇಗ ಕೊಡಿ. ರೂಟ್‌ಗೆ ತೆರೆದು ನಿಮಗೆ ತೆರೆಯದಿದ್ದರೆ ಅನುಮತಿಯ ಸಮಸ್ಯೆ. ‘ಎಲ್‌ಎಸ್ -ಎಲ್’ ಸಾಧನದ ಗುಂಪನ್ನು ತೋರಿಸುತ್ತದೆ. ಡೆಬಿಯನ್‌ನಲ್ಲಿ ಅದು ‘ಡಯಲ್‌ಔಟ್’, ಸ್ಲ್ಯಾಕ್‌ವೇರ್ ಮುಂತಾದವುಗಳಲ್ಲಿ ‘ಯುಯುಸಿಪಿ’. ಗುಂಪಿಗೆ ಸೇರಿಸಿಕೊಂಡ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಪೋರ್ಟಿಗೆ ಬೀಗ ಬಿದ್ದಿದೆ ಎಂದರೆ /ವಾರ್/ಲಾಕ್ ಒಳಗೆ ‘ಎಲ್‌ಸಿಕೆ’ ಎಂದು ಶುರುವಾಗುವ ಫೈಲು ಹುಡುಕಿ. ಅದರೊಳಗೆ ಪೋರ್ಟ್ ಹಿಡಿದ ಪ್ರಕ್ರಿಯೆಯ ಸಂಖ್ಯೆ ಇರುತ್ತದೆ. ಆ ಪ್ರಕ್ರಿಯೆ ಸತ್ತಿದ್ದರೆ ಮಾತ್ರ ಫೈಲು ಅಳಿಸಿ. /ಡೆವ್/ಮೋಡೆಮ್ ಎಂಬ ಕೊಂಡಿ ಬಳಸುವವರು ಎಲ್ಲ ಕಡೆಯೂ ಅದನ್ನೇ ಬಳಸಿ, ಇಲ್ಲವೇ ಎಲ್ಲೂ ಬೇಡ. ಒಂದು ಪ್ರೋಗ್ರಾಮು ಕೊಂಡಿಯ ಹೆಸರಲ್ಲಿ, ಇನ್ನೊಂದು ಸಾಧನದ ಹೆಸರಲ್ಲಿ ಬೀಗ ಹಾಕಿದರೆ ಎರಡೂ ಒಳಹೊಕ್ಕು ಜಗಳವಾಡುತ್ತವೆ.

ಓಕೆ ಬಂದಿತೆ? ಈಗ ‘ಎಟಿ&ಎಫ್’ ಕೊಟ್ಟು ಕಾರ್ಖಾನೆಯ ಸ್ಥಿತಿಗೆ ತನ್ನಿ. ಹಿಂದಿನ ಮಾಲೀಕ ಉಳಿಸಿಟ್ಟ ವಿಚಿತ್ರ ಸೆಟ್ಟಿಂಗುಗಳು ಇದರಿಂದ ಬದಿಗೆ ಸರಿಯುತ್ತವೆ. ‘ಎಟಿಝಡ್’ ಮಾಡುವುದು ಬೇರೆ. ಅದು ಉಳಿಸಿಟ್ಟದ್ದನ್ನೇ ಮತ್ತೆ ಕರೆತರುತ್ತದೆ. ಆಮೇಲೆ ಈ ಸಾಲು:

ಎಟಿ ಇ1 ಕ್ಯೂ0 ವಿ1 &ಸಿ1 &ಡಿ2 ಎಸ್0=0

ಇ1 ಎಂದರೆ ಹೊಡೆದದ್ದನ್ನು ತೋರಿಸು. ಕ್ಯೂ0, ವಿ1 ಎಂದರೆ ಉತ್ತರವನ್ನು ಮಾತಿನಲ್ಲಿ ಕೊಡು. ಇವು ತಪ್ಪಿದ್ದರೆ ಮೋಡೆಮ್ ಸುಮ್ಮನಿರುತ್ತದೆ ಅಥವಾ ‘0’, ‘3’ ಎಂಬ ಅಂಕಿ ಕೊಡುತ್ತದೆ, ಡಯಲ್ ಮಾಡುವ ಪ್ರೋಗ್ರಾಮು ಕಾಯುತ್ತಲೇ ಇರುತ್ತದೆ. &ಸಿ1 ಇದ್ದರೆ ಲೈನ್ ಕಡಿದದ್ದು ಕಂಪ್ಯೂಟರಿಗೆ ಗೊತ್ತಾಗುತ್ತದೆ; &ಡಿ2 ಇದ್ದರೆ ಪ್ರೋಗ್ರಾಮು ಪೋರ್ಟ್ ಮುಚ್ಚಿದಾಗ ಫೋನ್ ಕೆಳಗಿಡುತ್ತದೆ. ಇದಿಲ್ಲದೆ ಬಿಲ್ಲು ಏರಿಸಿಕೊಂಡವರು ಆ ಕಾಲದಲ್ಲಿ ಕಮ್ಮಿಯಿರಲಿಲ್ಲ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್‌ಗೆ ರಾಕ್‌ವೆಲ್, ಕೊನೆಕ್ಸಾಂಟ್ ಚಿಪ್ಪುಗಳಲ್ಲಿ ‘&ಕೆ3’, ಯುಎಸ್ ರೊಬೊಟಿಕ್ಸ್‌ನಲ್ಲಿ ‘&ಎಚ್1&ಆರ್2’. ಎಲ್ಲ ಸರಿಯಾದ ಮೇಲೆ ‘ಎಟಿ&ಡಬ್ಲ್ಯೂ’ ಕೊಟ್ಟು ಉಳಿಸಿ.

ಡಯಲ್ ಮಾಡುವಾಗ

‘ಎಟಿ ಎಂ1 ಎಲ್3’ ಕೊಟ್ಟು ಸ್ಪೀಕರ್ ಜೋರು ಮಾಡಿ. ಕಿವಿಗಿಂತ ಒಳ್ಳೆಯ ಉಪಕರಣ ಇಲ್ಲಿ ಇಲ್ಲ. ನಂತರ ಎಟಿಡಿಟಿ ಮತ್ತು ಸಂಖ್ಯೆ. ಆಫೀಸಿನ ಒಳಗಿನ ಎಕ್ಸ್‌ಚೇಂಜ್ ಆದ ಇಪಿಎಬಿಎಕ್ಸ್ ಹಿಂದೆ ಇದ್ದರೆ ‘0’ ಮತ್ತು ಒಂದು ಅಲ್ಪವಿರಾಮ ಹಾಕಿ; ಆ ವಿರಾಮ ಎಂದರೆ 2 ಸೆಕೆಂಡಿನ ಕಾಯುವಿಕೆ.

‘ನೋ ಡಯಲ್‌ಟೋನ್’ ಎಂದು ಬಂದರೂ ಫೋನಿನಲ್ಲಿ ಟೋನ್ ಕೇಳುತ್ತಿದ್ದರೆ ಎರಡು ಸಾಧ್ಯತೆ. ಮೊದಲನೆಯದು ಸೌಮ್ಯ. ಭಾರತದ ಡಯಲ್ ಟೋನ್ 400 ಹರ್ಟ್ಜ್ ಸ್ವರವನ್ನು 25 ಹರ್ಟ್ಜ್‌ನಲ್ಲಿ ಅಲುಗಿಸಿದ್ದು. ಅಮೆರಿಕದ್ದು 350 ಮತ್ತು 440 ಹರ್ಟ್ಜ್ ಕೂಡಿಸಿದ್ದು. ಅಮೆರಿಕದಿಂದ ಬಂದ ಮೋಡೆಮ್ ನಮ್ಮ ಟೋನನ್ನು ಟೋನೇ ಎಂದು ಒಪ್ಪದಿರಬಹುದು. ಇಪಿಎಬಿಎಕ್ಸ್ ಮತ್ತು ವಾಯ್ಸ್‌ಮೇಲ್‌ನ ತುಂಡುತುಂಡು ಟೋನೂ ಹಾಗೆಯೇ. ‘ಎಟಿಎಕ್ಸ್3’ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಎಂಗೇಜ್ ಟೋನನ್ನು ಮಾತ್ರ ಗುರುತಿಸುತ್ತದೆ. ದೇಶದ ಸೆಟ್ಟಿಂಗ್ ಬೆಂಬಲಿಸುವ ಮೋಡೆಮ್ ಆದರೆ ‘ಎಟಿ+ಜಿಸಿಐ=53’ ಎಂದು ಭಾರತಕ್ಕೆ ಇಡಬಹುದು; ಅಮೆರಿಕದ ಸಂಕೇತ ಬಿ5.

ಎರಡನೆಯದು ಸಿಡಿಲು. ಮೋಡೆಮ್ ಒಳಗೆ ಕಂಪ್ಯೂಟರ್ ಕಡೆಯ ಭಾಗವೂ ಲೈನಿನ ಕಡೆಯ ಭಾಗವೂ ಬೇರೆ ಬೇರೆ. ಸಿಡಿಲು ತಂತಿಯಲ್ಲಿ ಬಂದಾಗ ಲೈನಿನ ಭಾಗ ಸುಟ್ಟು, ಕಂಪ್ಯೂಟರ್ ಭಾಗ ಬದುಕುತ್ತದೆ. ಎಟಿಗೆ ಚೆನ್ನಾಗಿಯೇ ಓಕೆ ಎನ್ನುತ್ತದೆ, ಹೊರಗೆ ಮಾತ್ರ ಕಿವುಡು. ಪತ್ತೆಗೆ ‘ಎಟಿಎಚ್1’ ಕೊಡಿ, ಅಂದರೆ ರಿಸೀವರ್ ಎತ್ತು. ಒಳಗೆ ‘ಟಕ್’ ಎಂದು ರಿಲೇ ಸದ್ದಾಗಬೇಕು, ಲೈನಿನ 48 ವೋಲ್ಟ್ 10ರ ಕೆಳಗೆ ಇಳಿಯಬೇಕು. ಮೀಟರ್ ಇಲ್ಲದಿದ್ದರೆ ಮೊಬೈಲಿನಿಂದ ಆ ನಂಬರಿಗೆ ಕರೆ ಮಾಡಿ, ಎಂಗೇಜ್ ಬರಬೇಕು. ವೋಲ್ಟ್ ಇಳಿಯದಿದ್ದರೆ ಮೋಡೆಮ್ ಸತ್ತಿದೆ, ಯಾವ ಕಮಾಂಡೂ ಎಬ್ಬಿಸುವುದಿಲ್ಲ. ಮಲೆನಾಡು, ಕರಾವಳಿಯ ಕಡೆ ಮುಂಗಾರಿಗೆ ಮೊದಲ ಗುಡುಗಿನ ದಿನಗಳಲ್ಲಿ ಟೆಲಿಫೋನ್ ತಂತಿಯನ್ನೂ ಅಡಾಪ್ಟರನ್ನೂ ಕಿತ್ತಿಡುವುದೊಂದೇ ನಂಬಬಹುದಾದ ರಕ್ಷಣೆ.

ಆಚೆ ಬದಿ ಎತ್ತಿದ ಮೇಲೆ ಕಿರುಚಾಟ ಶುರುವಾಗಿ ಕೊನೆಗೆ ‘ನೋ ಕ್ಯಾರಿಯರ್’ ಬಂದರೆ ಎರಡು ಮೋಡೆಮ್‌ಗಳಿಗೆ ಹೊಂದಾಣಿಕೆ ಆಗಲಿಲ್ಲ ಎಂದರ್ಥ. ಮೊದಲು ಸಮಯ ಕೊಡಿ: ‘ಎಟಿಎಸ್7=90’. ಸಾಮಾನ್ಯವಾಗಿ ಇರುವ 50 ಸೆಕೆಂಡು ನಿಧಾನದ ಲೈನಿಗೆ ಸಾಲದು. ಆಗಲೂ ಆಗದಿದ್ದರೆ ವೇಗಕ್ಕೆ ಕಡಿವಾಣ ಹಾಕಿ. ಹೊಸ ಮೋಡೆಮ್‌ಗಳಲ್ಲಿ ‘ಎಟಿ+ಎಂಎಸ್=ವಿ34’ ಎಂದರೆ 33,600ರ ಮಾನಕಕ್ಕೆ ನಿಲ್ಲುತ್ತದೆ; ಹಳೆಯ ರಾಕ್‌ವೆಲ್ ಚಿಪ್ಪಿನಲ್ಲಿ ಅದೇ ಜಾಗಕ್ಕೆ ‘11’ ಎಂಬ ಅಂಕಿ. 56ಕೆ ಎಂಬುದು 1998ರ ವಿ.90 ಮಾನಕ. ಸೇವೆ ಕೊಡುವವರ ತುದಿ ಡಿಜಿಟಲ್ ಆಗಿದ್ದು, ದಾರಿಯಲ್ಲಿ ಒಂದೇ ಒಂದು ಅನಲಾಗ್ ತಿರುವು ಇದ್ದರೆ ಮಾತ್ರ ಅದು ಸಾಧ್ಯ. ಇಪಿಎಬಿಎಕ್ಸ್ ನಡುವೆ ಬಂದರೆ ಸಾಮಾನ್ಯವಾಗಿ ಅದು ಕೈತಪ್ಪುತ್ತದೆ. ಎರಡು ಸಾಮಾನ್ಯ ಮೋಡೆಮ್‌ಗಳ ನಡುವೆ 33,600 ಮೀರುವುದೇ ಇಲ್ಲ.

‘ಕನೆಕ್ಟ್ 115200’ ಎಂದು ಕಂಡು ಹಿಗ್ಗಬೇಡಿ. ಅದು ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ವೇಗ. ಲೈನಿನ ನಿಜ ವೇಗ ಬೇಕಿದ್ದರೆ ಅನೇಕ ಚಿಪ್ಪುಗಳಲ್ಲಿ ‘ಎಟಿಡಬ್ಲ್ಯೂ2’ ಕೊಡಬೇಕು.

ಲಾಗಿನ್ ಮತ್ತು ಪಿಪಿಪಿ

ಮಿನಿಕಾಮ್‌ನಲ್ಲಿ ಕೈಯಾರೆ ಡಯಲ್ ಮಾಡಿ ‘ಕನೆಕ್ಟ್’ ಬಂತೆಂದರೆ ಮೋಡೆಮ್ ಕಥೆ ಮುಗಿಯಿತು. ಇನ್ನು ಮೇಲೆ ಮೋಡೆಮ್ ಸೆಟ್ಟಿಂಗಿಗೆ ಕೈಹಾಕಬೇಡಿ. ಕನೆಕ್ಟ್ ಆದ ಮೇಲೆ ಪರದೆಯಲ್ಲಿ ಏನು ಬರುತ್ತದೆ ನೋಡಿ. ‘ಲಾಗಿನ್’ ಎಂದು ಕೇಳಿದರೆ ಹೆಸರು, ಪಾಸ್‌ವರ್ಡ್ ಕೊಡುವ ಚಾಟ್ ಸ್ಕ್ರಿಪ್ಟ್ ಬೇಕು. ಏನೂ ಕೇಳದೆ ಸ್ವಲ್ಪ ಹೊತ್ತಿಗೆ ಆವರಣ ಚಿಹ್ನೆ, ಅರ್ಥವಿಲ್ಲದ ಅಕ್ಷರಗಳು ಉದುರಿದರೆ ಆಚೆಯವರು ಪಿಪಿಪಿ ಶುರುಮಾಡಿದ್ದಾರೆ, ಸ್ಕ್ರಿಪ್ಟ್ ಬೇಡ.

ಸುಲಭದ ದಾರಿ, ಡಯಲ್ ಮಾಡಿ ಪಿಪಿಪಿ ಶುರುಮಾಡುವ ಪ್ರೋಗ್ರಾಮು ಡಬ್ಲ್ಯೂವಿಡಯಲ್. ‘ಡಬ್ಲ್ಯೂವಿಡಯಲ್‌ಕಾನ್ಫ್’ ಎಂಬುದು ಎಲ್ಲ ಪೋರ್ಟ್ ತಡಕಿ /ಇಟಿಸಿ/ಡಬ್ಲ್ಯೂವಿಡಯಲ್.ಕಾನ್ಫ್ ಬರೆದುಕೊಡುತ್ತದೆ. ಅದರಲ್ಲಿ ಫೋನ್, ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಗಳ ಮುಂದೆ ಅರ್ಧವಿರಾಮ ಇರುತ್ತದೆ. ಅದನ್ನು ತೆಗೆಯದೆ ಸಂಖ್ಯೆ ತುಂಬಿಸಿ ‘ಆಗುತ್ತಿಲ್ಲ’ ಎನ್ನುವುದು ಅತಿ ಸಾಮಾನ್ಯ ತಪ್ಪು. ತಿದ್ದಿದ ಮೇಲೆ ಮುಖ್ಯ ಸಾಲುಗಳು ಹೀಗಿರಲಿ:

ಮೋಡೆಮ್ = /ಡೆವ್/ಟಿಟಿವೈಎಸ್0
ಬಾಡ್ = 115200
ಇನಿಟ್1 = ಎಟಿ&ಎಫ್
ಇನಿಟ್2 = ಎಟಿ ಕ್ಯೂ0 ವಿ1 ಇ1 &ಸಿ1 &ಡಿ2 &ಕೆ3 ಎಸ್7=90
ಡಯಲ್ ಕಮಾಂಡ್ = ಎಟಿಎಕ್ಸ್3ಡಿಟಿ
ಸ್ಟುಪಿಡ್ ಮೋಡ್ = ಯೆಸ್

ಕೊನೆಯ ಸಾಲು ಹೆಸರಿಗೆ ‘ದಡ್ಡ’. ಲಾಗಿನ್ ಪ್ರಾಂಪ್ಟಿಗೆ ಕಾಯದೆ ನೇರ ಪಿಪಿಪಿ ಶುರುಮಾಡು ಎಂಬುದು ಅರ್ಥ. ಆಚೆಯವರು ನಿಜವಾಗಿ ‘ಲಾಗಿನ್’ ಕೇಳುವವರಾದರೆ ಇದನ್ನು ತೆಗೆದುಬಿಡಿ.

ಪಿಪಿಪಿ ನಡೆಸುವ ಪ್ರೋಗ್ರಾಮು ಪಿಪಿಪಿಡಿಯನ್ನೇ ನೇರ ಬಳಸುವವರು /ಇಟಿಸಿ/ಪಿಪಿಪಿ/ಆಪ್ಷನ್ಸ್‌ನಲ್ಲಿ ಲಾಕ್, ಮೋಡೆಮ್, ಸಿಆರ್‌ಟಿಎಸ್‌ಸಿಟಿಎಸ್, ನೋಆತ್, ನೋಐಪಿಡಿಫಾಲ್ಟ್, ಡಿಫಾಲ್ಟ್‌ರೂಟ್, ಯೂಸ್‌ಪಿಯರ್‌ಡಿಎನ್‌ಎಸ್, ಡೀಬಗ್ ಇವಿಷ್ಟು ಇಡಿ. ‘ನೋಆತ್’ ಬಿಟ್ಟರೆ ನಿಮ್ಮ ಯಂತ್ರವೇ ಸೇವೆ ಕೊಡುವವರ ಹತ್ತಿರ ಗುರುತಿನ ಪತ್ರ ಕೇಳುವ ಸಾಧ್ಯತೆಯಿದೆ, ಅವರು ಕೊಡುವುದಿಲ್ಲ, ಸಂಪರ್ಕ ಅಲ್ಲಿಗೇ ನಿಲ್ಲುತ್ತದೆ. ಪಾಸ್‌ವರ್ಡು ‘ಪ್ಯಾಪ್-ಸೀಕ್ರೆಟ್ಸ್’ ಮತ್ತು ‘ಚ್ಯಾಪ್-ಸೀಕ್ರೆಟ್ಸ್’ ಎಂಬ ಎರಡು ಫೈಲುಗಳಲ್ಲೂ ಒಂದೇ ಸಾಲಾಗಿ ಇರಲಿ: ಬಳಕೆದಾರನ ಹೆಸರು, ನಕ್ಷತ್ರ ಚಿಹ್ನೆ, ಪಾಸ್‌ವರ್ಡ್. ಪಾಸ್‌ವರ್ಡಿನಲ್ಲಿ ಖಾಲಿ ಜಾಗ ಅಥವಾ # ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಫೈಲಿನ ಅನುಮತಿ 600, ಅಂದರೆ ಮಾಲೀಕನಿಗೆ ಮಾತ್ರ.

ಡಯಲ್ ಮಾಡಿ, ಇನ್ನೊಂದು ಕನ್ಸೋಲಿನಲ್ಲಿ ‘ಟೇಲ್ -ಎಫ್’ ಹಾಕಿ /ವಾರ್/ಲಾಗ್/ಮೆಸೇಜಸ್ ನೋಡುತ್ತಿರಿ (ಡೆಬಿಯನ್‌ನಲ್ಲಿ ಸಿಸ್‌ಲಾಗ್). ‘ಸೆಂಟ್’ ಎಂದು ಎಲ್‌ಸಿಪಿ (ಪಿಪಿಪಿ ಆರಂಭದ ಮಾತುಕತೆ) ಕೋರಿಕೆಗಳು ಹತ್ತು ಸಲ ಹೋಗಿ ಒಂದೂ ‘ರಿಸೀವ್ಡ್’ ಇಲ್ಲವಾದರೆ ಆಚೆ ಬದಿ ಇನ್ನೂ ಲಾಗಿನ್‌ಗಾಗಿ ಕಾಯುತ್ತಿದೆ. ಕಳಿಸಿದ್ದೇ ತಿರುಗಿ ಬಂದು ‘ಲೂಪ್ಡ್ ಬ್ಯಾಕ್’ ಎಂದರೂ ಅದೇ ಕಾರಣ. ಲಾಗಿನ್ ಪ್ರಾಂಪ್ಟು ನಿಮ್ಮ ಮಾತನ್ನೇ ಪ್ರತಿಧ್ವನಿಸುತ್ತಿದೆ. ‘8 ಬಿಟ್ ಕ್ಲೀನ್ ಅಲ್ಲ’ ಎಂದು ದೂರಿದರೆ ದಾರಿಯಲ್ಲಿ ಎಲ್ಲೋ 7 ಬಿಟ್ ಸೆಟ್ಟಿಂಗ್ ಇದೆ ಅಥವಾ, ಹೆಚ್ಚಿನ ಸಲ ಹಾಗೆಯೇ, ಪಿಪಿಪಿಯ ಬದಲು ಲಾಗಿನ್ ಪಠ್ಯವೇ ಬರುತ್ತಿದೆ. ‘ಆತ್‌ನ್ಯಾಕ್’ ಅಥವಾ ‘ಪ್ಯಾಪ್ ಆಥೆಂಟಿಕೇಶನ್ ಫೇಲ್ಡ್’ ಎಂದರೆ ಖಾತೆ, ಪಾಸ್‌ವರ್ಡ್. ‘ಸಿಸಿಪಿ’ ತಿರಸ್ಕಾರ ಕಂಡರೆ ಗಾಬರಿ ಬೇಡ, ಕುಗ್ಗಿಸುವ ಸೌಲಭ್ಯ ಅವರಲ್ಲಿಲ್ಲ ಅಷ್ಟೇ. ‘ಲೋಕಲ್ ಐಪಿ’, ‘ರಿಮೋಟ್ ಐಪಿ’ ಎರಡು ಸಾಲು ಬಂದರೆ ಗೆದ್ದಿರಿ.

ಪಿಪಿಪಿಡಿ ಸಾಯುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. 4 ಎಂದರೆ ಕರ್ನಲ್‌ನಲ್ಲಿ ಪಿಪಿಪಿ ಇಲ್ಲ, ‘ಪಿಪಿಪಿ_ಜೆನೆರಿಕ್’ ಮತ್ತು ‘ಪಿಪಿಪಿ_ಅಸಿಂಕ್’ ಮಾಡ್ಯೂಲ್ ಹಾಕಿ. 7 ಎಂದರೆ ಪೋರ್ಟ್ ತೆರೆಯಲಿಲ್ಲ. 8 ಎಂದರೆ ಡಯಲ್ ಸ್ಕ್ರಿಪ್ಟ್ ಸೋತಿತು. 10 ಪಿಪಿಪಿ ಮಾತುಕತೆ ಮುರಿಯಿತು, 15 ಎಂದರೆ ಆಚೆ ಬದಿ ಉತ್ತರಿಸುವುದನ್ನು ನಿಲ್ಲಿಸಿತು, 16 ಮೋಡೆಮ್ ಫೋನ್ ಇಟ್ಟಿತು, 17 ಪ್ರತಿಧ್ವನಿ, 19 ನಮ್ಮ ಗುರುತನ್ನು ಅವರು ಒಪ್ಪಲಿಲ್ಲ.

ಸಂಪರ್ಕ ಇದೆ, ಪುಟ ಮಾತ್ರ ತೆರೆಯುವುದಿಲ್ಲ

ಮೊದಲು ಲಾಗ್‌ನಲ್ಲಿ ಕಂಡ ರಿಮೋಟ್ ಐಪಿಗೆ ಪಿಂಗ್ ಮಾಡಿ, ನಂತರ ಹೊರಗಿನ ಒಂದು ಐಪಿಗೆ, ಆಮೇಲೆ ಹೆಸರಿಗೆ. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ‘ರೂಟ್ -ಎನ್’ ನೋಡಿ. ಇಥರ್ನೆಟ್ ಕಾರ್ಡಿನ ಹೆಸರಲ್ಲಿ ಡಿಫಾಲ್ಟ್ ದಾರಿ ಆಗಲೇ ಇದ್ದರೆ ಪಿಪಿಪಿಡಿ ಅದನ್ನು ಬದಲಿಸುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ. ಡಯಲ್ ಮಾಡುವ ಮೊದಲು ಆ ದಾರಿ ಅಳಿಸಿ. ಹೆಸರು ಮಾತ್ರ ಸಿಗದಿದ್ದರೆ /ಇಟಿಸಿ/ಪಿಪಿಪಿ/ರಿಸಾಲ್ವ್.ಕಾನ್ಫ್‌ನಲ್ಲಿ ಬಂದಿರುವ ಡಿಎನ್‌ಎಸ್ ವಿಳಾಸ /ಇಟಿಸಿ/ರಿಸಾಲ್ವ್.ಕಾನ್ಫ್‌ಗೆ ತಲುಪಿಲ್ಲ, ನಕಲಿಸಿ.

ಸಣ್ಣ ಪುಟ ಬಂದು ದೊಡ್ಡದು ಅರ್ಧಕ್ಕೆ ನಿಂತರೆ ಮತ್ತೆ ಫ್ಲೋ ಕಂಟ್ರೋಲ್ ಕಡೆ ನೋಡಿ. ಅದು ಸರಿಯಿದ್ದರೆ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 576ಕ್ಕೆ ಇಳಿಸಿ ಪ್ರಯತ್ನಿಸಿ. 2.4 ಕರ್ನಲ್‌ನಲ್ಲಿ ಕೆಲವೇ ತಾಣಗಳು ಮಾತ್ರ ಮೌನವಾದರೆ ‘ಟಿಸಿಪಿ_ಇಸಿಎನ್’ ಎಂಬ ಸೆಟ್ಟಿಂಗಿಗೆ 0 ಕೊಡಿ. ಹಳೆಯ ಬ್ರೌಸರಿನಲ್ಲಿ ಇಂದಿನ ಸುರಕ್ಷಿತ ತಾಣಗಳು ತೆರೆಯದಿರುವುದಕ್ಕೆ ಮೋಡೆಮ್ ಹೊಣೆಯಲ್ಲ. 33,600ರಲ್ಲಿ ಸೆಕೆಂಡಿಗೆ 4 ಕಿಲೋಬೈಟ್ ಆಸುಪಾಸು ಸಿಕ್ಕುವುದರಿಂದ 2 ಮೆಗಾಬೈಟಿನ ಪುಟಕ್ಕೆ ಎಂಟು ನಿಮಿಷ ದಾಟುತ್ತದೆ. ಲಿಂಕ್ಸ್‌ನಂಥ ಪಠ್ಯ ಬ್ರೌಸರ್ ಸಾಕು.

ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಮೋಡೆಮ್‌ನ ‘ಎಸ್10’ ಸೆಟ್ಟಿಂಗ್ ಏರಿಸಿ. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದರಲ್ಲಿ. 14 ಇದ್ದದ್ದನ್ನು 50 ಮಾಡಿದರೆ ಕ್ಯಾರಿಯರ್ (ಆಚೆ ಮೋಡೆಮ್‌ನ ಸದ್ದು) 5 ಸೆಕೆಂಡು ಮಾಯವಾದರೂ ಮೋಡೆಮ್ ಫೋನ್ ಇಡುವುದಿಲ್ಲ. ಪ್ರತಿ ಸಲ ಕರಾರುವಾಕ್ಕಾಗಿ ಒಂದೇ ಸಮಯಕ್ಕೆ ಕಡಿದರೆ ಅದು ಗದ್ದಲವಲ್ಲ, ಯಾರದೋ ಸೆಟ್ಟಿಂಗು: ನಿಮ್ಮ ‘ಐಡಲ್’ (ಕೆಲಸವಿಲ್ಲದಿದ್ದರೆ ಕಡಿಯುವ ಅವಧಿ), ಅಥವಾ ಆಚೆಯವರ ಸಮಯ ಮಿತಿ.

ಕರೆ ಮಾಡಲು ಯಾರೂ ಇಲ್ಲದಿದ್ದರೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನ ಡಯಲ್-ಅಪ್ ಮೂಲಕ. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಹೀಗಾಗಿ ಇಂದು ಆಚೆ ತುದಿಯನ್ನೂ ನೀವೇ ಕಟ್ಟಿಕೊಳ್ಳಬೇಕಾಗಬಹುದು. ಹಳೆಯ ಸಣ್ಣ ಇಪಿಎಬಿಎಕ್ಸ್ ಇದ್ದರೆ ಎರಡು ಎಕ್ಸ್‌ಟೆನ್ಶನ್‌ಗಳಿಗೆ ಎರಡು ಮೋಡೆಮ್ ಚುಚ್ಚಿ, ಒಂದರಿಂದ ಇನ್ನೊಂದಕ್ಕೆ ಡಯಲ್ ಮಾಡಿ. ಉತ್ತರಿಸುವ ಕಡೆ ಕರೆ ಎತ್ತುವ ಪ್ರೋಗ್ರಾಮು ‘ಎಂಗೆಟ್ಟಿ’ ಮತ್ತು ಪಿಪಿಪಿಡಿ ಇರಲಿ.

ಅದೂ ಇಲ್ಲದಿದ್ದರೆ ಎರಡು ಮೋಡೆಮ್‌ಗಳ ಲೈನ್ ಕಿಂಡಿಗಳನ್ನು ಒಂದೇ ಟೆಲಿಫೋನ್ ತಂತಿಯಿಂದ ನೇರ ಸೇರಿಸಿ. ಒಂದರಲ್ಲಿ ‘ಎಟಿಎಕ್ಸ್1ಡಿ’, ಕೂಡಲೇ ಇನ್ನೊಂದರಲ್ಲಿ ‘ಎಟಿಎ’ ಕೊಡಿ. ಅನೇಕ ಜೋಡಿಗಳು ಇಷ್ಟಕ್ಕೇ ಕನೆಕ್ಟ್ ಆಗುತ್ತವೆ. ಆಗದಿದ್ದರೆ ಅವಕ್ಕೆ ಲೈನಿನ ಕರೆಂಟು ಬೇಕು. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಜೊತೆಗೆ 300 ಓಮ್ ಆಸುಪಾಸಿನ ಅರ್ಧ ವ್ಯಾಟ್ ರೆಸಿಸ್ಟರ್ ಸೇರಿಸಿ, ಇವನ್ನು ಎರಡು ತಂತಿಗಳಲ್ಲಿ ಒಂದನ್ನು ಕತ್ತರಿಸಿ ನಡುವೆ ಇಡಿ. ಇನ್ನೊಂದು ತಂತಿ ನೇರ ಹೋಗಲಿ. ಒಂದೊಂದು ಮೋಡೆಮ್ 5 ವೋಲ್ಟಿನಷ್ಟು ನುಂಗಿದರೂ ಉಳಿದ 8 ವೋಲ್ಟಿನಿಂದ ಸುಮಾರು 25 ಮಿಲಿಆಂಪ್ ಹರಿಯುತ್ತದೆ, ಇಷ್ಟು ಸಾಕು. ಈ ಜೋಡಣೆಯನ್ನು ಎಂದೂ ನಿಜವಾದ ಟೆಲಿಫೋನ್ ಲೈನಿಗೆ ಸೇರಿಸಬೇಡಿ. ಇಲ್ಲಿ 33,600 ಅಥವಾ 31,200ರ ಕನೆಕ್ಟ್ ಬಂದು, ಹೊರಗಿನ ಲೈನಿಗೆ ಹಾಕಿದಾಗ 9,600ಕ್ಕೆ ಕುಸಿದರೆ ದೋಷ ಮೋಡೆಮ್‌ನಲ್ಲಿಲ್ಲ; ಮತ್ತೆ ಗೋಡೆಯ ಡಬ್ಬಿಯಿಂದ ತಂತಿ ಹಿಡಿದು ಹೊರಡಿ.